ಆರು ತಾಸು

ಲೇತ್ ಜೋಡಿಸಾಕ ಬಂದಿದ್ದ ಜರ್ಮನಿಯ ಡೀಟರ್.
ಮೂರು ವಾರದ ಕೆಲಸ. ಒಂದು ಪೆಟ್ಟಿಗಿ ಬೊಂಬಾಯಿ ಬಂದರದಾಗ ಸಿಕ್ಕೊಂಡು
ಹುಬ್ಬಳ್ಳ್ಯಾಗ ಮೂರು ತಿಂಗಳು ಉಳದ.
ಸಂಜಿ ಭೋಂಗಾ ಆದಮ್ಯಾಲೆ ಚಡ್ಡಿ ಹಾಕ್ಕೊಂಡು
ವರ್ಕ್‌ಶಾಪಿನ ಹಿಂದಿನ ಮೈದಾನಕ್ಕ ಬಂದ.
ಬಗ್ಗಿ, ಒಂದು ಚಿಮಟಿ ಹಿಡದು, ಮೂಸಿ ನೋಡಿದ:
ಇಂಜಿನ್ನಿನ ಬೂದಿ. ಲೋಕೋ ಶೆಡ್ಡಿನಿಂದ ನಾವಽ ಪುಟ್ಟಿಲೆ ಹೊತ್ತು
ಹಾಸಿದ ಟ್ರ್ಯಾಕು.
"ನಮ್ಮೂರಾಗೂ ಇದಽ," ಅಂದ.
ಮೊಣಕಾಲು ತೋರಿಸಿದ. ಚರ್ಮದೊಳಗ ಕರೀ ಚುಕ್ಕಿ, ಸಾಸವಿ ಚೆಲ್ಲಿದಂಗ.
ಹದಿನೇಳರಾಗ ಬಿದ್ದದ್ದು. ಬೋಖುಮಿನ ಬೂದಿ. ಹೋಗೂದಿಲ್ಲ ಅದು.

ಎಂಟುನೂರು ಮೀಟರು ಅವಂದು. ನಂದೂ ಅದಽ.
ಅವಂದು ಒಂದು ನಿಮಿಷ ನಲವತ್ತೊಂಬತ್ತು. ನಂದು ಹೇಳೂದು ಬ್ಯಾಡ.
ತನ್ನ ದೇಶದಾಗ ಎರಡು ಸಲ ನಾಲ್ಕನೇಯಂವ.
ಮೂವರ್ನ ವಿಮಾನ ಹತ್ತಿಸ್ತಾರಂತ,
ನಾಲ್ಕನೇಯಂವಗ ಕೈ ಕುಲುಕ್ತಾರಂತ.

ಒಂದಿನ ಚಾದಂಗಡ್ಯಾಗ ಪೆನ್ಸಿಲ್ ಇಸಕೊಂಡು
ಸಿಗರೇಟ್ ಪಾಕೀಟಿನ ಮ್ಯಾಲೆ ಲೆಕ್ಕಾ ಮಾಡಿದ:
ಹನ್ನೊಂದು ವರ್ಷ, ಇನ್ನೂರು ಓಟ,
ಎಲ್ಲಾ ಕೂಡಿಸಿದರ ಆರು ತಾಸು, ಮ್ಯಾಲೊಂದೀಟು.
"ನಮ್ಮ ಒಂದು ಪಾಳಿಕಿಂತ ಕಡಿಮಿ ಆತಲ್ಲೋ ಮಾರಾಯಾ," ಅಂದೆ.
ಎಷ್ಟು ನಕ್ಕ ಅಂದ್ರ ಬಶಿಯೊಳಗಿನ ಚಾ ತುಳುಕಿತು.

ಮತ್ತ ಯಾಕ ಬಿಟ್ಟಿ?
ಬಂದಷ್ಟು ಇಂಗ್ಲೀಷಿನ್ಯಾಗ, ಉಳಿದದ್ದು ಕೈಲೆ ಹೇಳಿದ.
ಓಡುವಾಗ ಅಂವಗ ಜನರ ದನಿ ಎಂದೂ ಕೇಳಿಸಿದ್ದಿಲ್ಲ.
ಒಂದು ಸಂಜಿ, ಕಡೀ ತಿರುವಿನ್ಯಾಗ, ಕೇಳಿಸ್ತು.
ಯಾರೋ ಕೆಮ್ಮಿದರು. ಒಂದು ಕೂಸು ಅಳತಿತ್ತು.
ಹೆಸರು ಹಿಡದು ಒಬ್ಬಾಕಿ ಕೂಗಿದಳು.
"ಕಾಲು ಇದ್ದವು, ಯಮನೂರಸಾಬ.
ಕಿವಿ ತೆರದುಬಿಟ್ಟವು."

ನಂದಽ ಬ್ಯಾರೆ. ಬಾಯ್ಲರ್ ಶಾಪಿನ ರಿವಿಟ್ ಹೊಡತಕ್ಕ
ಇಪ್ಪತ್ತೈದರಾಗಽ ಕಿವಿ ಅರ್ಧಾ ಹೋಗಿದ್ದವು.
ಹಂಗಾಗಿ ನಲವತ್ತರ ತನಕ ಓಡಿದೆ
ಡಿವಿಜನ್ನಿನ ಓಟದಾಗ, ಎಲ್ಲಾರ ಹಿಂದ.
ನನ್ನ ಅಂಗೈಯಾಗೂ ಅದಾವ ಎರಡು ಚುಕ್ಕಿ, ಈ ಊರಿನವು.

ಅಂವ ಹೋದ. ಡಿಜಿಲ್ ಬಂತು, ಬೂದಿ ನಿಂತಿತು.
ಟ್ರ್ಯಾಕಿನ ತುಂಬ ಈಗ ಕಾಂಗ್ರೆಸ್ ಕಸ.
ಮೊನ್ನೆ ಮೊಮ್ಮಗಳು ಮುಬೀನಾನ್ನ ಕಡೀ ತಿರುವಿನ್ಯಾಗ ನಿಂದರಿಸಿ
ನಾ ಬಂದಕೂಡ್ಲೆ ಹೆಸರು ಹಿಡದು ಕೂಗು ಅಂದೆ.
ಕಸಾ ತುಳಕೋತ, ಸಾವಕಾಶ, ದಾಟಿದೆ.
ಬಾಯಿ ತೆರದು ನಿಂತಿದ್ದಳು ಅಕಿ,
ಕುತಿಗಿ ನರ ಉಬ್ಬಿದ್ದವು.
"ಕೂಗಽ," ಅಂದೆ.