ಆರೂ ಇಪ್ಪತ್ತರ ವಿರಾಜಪೇಟೆ

ಹನ್ನೊಂದು ತಿಂಗಳು ಮೊಳೆಗೆ ನೇತಾಡಿದ ಖಾಕಿ
ಈಗ ಭುಜದಲ್ಲಿ ಸಡಿಲ.
ನಿನ್ನೆ ರಾತ್ರಿ ಗುಂಡಿಗಳನ್ನು ಒಳಗೆ ಸರಿಸಿ ಹೊಲಿದೆ,
ಸೂಜಿಗೆ ದಾರ ಪೋಣಿಸಲು ಹಿಡಿದದ್ದು
ಒಂದು ಇಡೀ ಧಾರಾವಾಹಿ.

ಮಡಿಕೇರಿ ಡಿಪೋ. ಮಂಜಿನೊಳಗೆ ಡೀಸೆಲ್ ವಾಸನೆ.
ಬಸ್ಸು ತೊಳೆಯುವ ಹೊಸ ಹುಡುಗ
ಸ್ವೆಟರಿನೊಳಗಿನ ಖಾಕಿ ಕಾಣದೆ
"ಎಲ್ಲಿಗೆ ಹೋಗ್ಬೇಕು ಮೇಡಂ?" ಅಂದ.

ಮ್ಯಾನೇಜರು ಸರ್ಟಿಫಿಕೇಟನ್ನು ತಿರುಗಿಸಿ ನೋಡಿದರು,
ಹಿಂಬದಿಯಲ್ಲಿ ಇನ್ನೇನೋ ಬರೆದಿರಬೇಕು ಎಂಬಂತೆ.
'ಖಿನ್ನತೆ' ಅಂತ ಇದೆಯಲ್ಲಮ್ಮ,
ಎಲ್ಲರೂ ಬೆನ್ನುನೋವು ಅಂದಿದ್ದರು?
ಬೆನ್ನುನೋವು ಅಂತ ನಾನೇ ಹೇಳಿಸಿದ್ದು ಸರ್.
ಬೆನ್ನಿಗಾದರೆ ಬೆಲ್ಟು ಸಿಗುತ್ತದೆ, ಎಣ್ಣೆ ಸಿಗುತ್ತದೆ,
ನೋಡಲು ಬಂದವರು ಮೂಸಂಬಿ ತರುತ್ತಾರೆ.
ಅವರು ಸೀಲು ಒತ್ತಿದರು. ಇಂಕು ಒಣಗಿತ್ತು.
ಇನ್ನೊಮ್ಮೆ ಒತ್ತಿದರು.

ಮೆಷಿನ್ನು ಹೊಸದು, ಗಾಜಿನ ಮುಖ,
ತಣ್ಣಗಿನ ಬೆರಳ ಮಾತು ಕೇಳುವುದಿಲ್ಲ.
ಕ್ಯಾಷ್ ಕೌಂಟರಿನ ತಿಲೋತ್ತಮೆ ಹೇಳಿಕೊಟ್ಟಳು:
ಹೆಂಗಸರಿಗೆ ಈಗ ಸೊನ್ನೆ ಟಿಕೆಟ್ಟು.
ಕಾಸಿಲ್ಲವಲ್ಲ ಅಂತ ಕೊಡದೆ ಬಿಡಬೇಡ,
ಚೆಕಿಂಗ್ ಬಂದರೆ ಸೊನ್ನೆಗೂ ಲೆಕ್ಕ ಕೇಳುತ್ತಾರೆ.

ಸೊನ್ನೆಗೂ ಲೆಕ್ಕ.
ಆ ದಿನಗಳದ್ದು ಯಾರ ಹತ್ತಿರ ಇದೆ?
ಗೋಡೆಗೆ ಮುಖ ಮಾಡಿ ಮಲಗಿದ್ದು,
ತಲೆ ಬಾಚಲೆಂದು ಎದ್ದು
ಬಾಚಣಿಗೆ ಹಿಡಿದು ಮಂಚದಂಚಿಗೆ
ಕೂತೇ ಇದ್ದದ್ದು ಸಂಜೆಯವರೆಗೆ,
ಮಗಳು ಶಾಲೆಯಿಂದ ಬಂದು ಏನೂ ಕೇಳದೆ
ಬಾಚಣಿಗೆ ಬಿಡಿಸಿಕೊಂಡು ಜಡೆ ಹೆಣೆದದ್ದು.
ಒಂಬತ್ತು ವರ್ಷದವಳು. ಜಡೆ ಓರೆ.
ಎರಡು ದಿನ ಬಿಚ್ಚಲಿಲ್ಲ ನಾನದನ್ನು.

ಡ್ರೈವರ್ ಹಂಸಣ್ಣ ಅಂಗೈ ಉಜ್ಜಿಕೊಳ್ಳುತ್ತ ಹೇಳಿದ್ದು ಇಷ್ಟೇ:
"ನೀನು ಬಂದ್ಯಲ್ಲ, ಇನ್ನು ಚಿಲ್ಲರೆಗೆ ಗಲಾಟೆಯಿಲ್ಲ."

ಮೇಕೇರಿ. ಯಾರೂ ಹತ್ತಲಿಲ್ಲ.
ಹಾಕತ್ತೂರಿನಲ್ಲಿ ಕಾಫಿ ಕುಯ್ಲಿನ ಹೆಂಗಸರು,
ಗೋಣಿಚೀಲ, ಬುತ್ತಿ, ಒಬ್ಬರಿಗೊಬ್ಬರು ಆತುಕೊಂಡ ನಿದ್ದೆ.
ಆಧಾರ್ ತೋರಿಸಿ ಅನ್ನಬೇಕು. ಬಾಯಿ ತೆರೆದೆ.
ಒಂದು ಕಾಲಕ್ಕೆ ಈ ಗಂಟಲು
ಹಿಂಬಾಗಿಲಲ್ಲಿ ನಿಂತು ಕಾಕೋಟುಪರಂಬು ಅಂದರೆ
ಮುಂದಿನ ಸೀಟಿನ ಮಗು ಏಳುತ್ತಿತ್ತು.
ಈಗ ಬಂದದ್ದು ಬರೀ ಗಾಳಿ.
ಹಿಂದೆ ಯಾರೋ ನಕ್ಕರು. ನನಗಲ್ಲದೆ ಇರಬಹುದು.

ಅಸ್ಸಾಮಿನವಳೊಬ್ಬಳ ಕಾರ್ಡಿನಲ್ಲಿ ಇಲ್ಲಿಯ ವಿಳಾಸವಿಲ್ಲ,
ಅವಳಿಗೆ ಸೊನ್ನೆಯಿಲ್ಲ.
ಸೆರಗಿನ ಗಂಟಲ್ಲಿ ಮೆತ್ತಗಾದ ಹತ್ತರ ನೋಟು.
ಎಣಿಸಿದೆ. ತಪ್ಪಿತು. ಮತ್ತೆ ಎಣಿಸಿದೆ.
ಅವಳು ಕಾದಳು,
ಪರವೂರಿನವರು ಕಾಯುವ ಹಾಗೆ, ಮುಖದಲ್ಲಿ ಏನೂ ಇಡದೆ.

ಮೂರ್ನಾಡಲ್ಲಿ ನರ್ಸ್ ಚೋಂದಮ್ಮ.
"ಎಲ್ಲಿದ್ದೆ ಮಾರಾಯ್ತಿ ಇಷ್ಟು ದಿನ, ಬೆನ್ನು ಹೇಗಿದೆ?"
"ಬೆನ್ನಲ್ಲ," ಅಂದೆ.
ಅಷ್ಟೇ ಅಂದು ಟಿಕೆಟ್ಟು ಹರಿದುಕೊಟ್ಟೆ.
ಅವಳದನ್ನು ವಾಚಿನ ಪಟ್ಟಿಗೆ ಸಿಕ್ಕಿಸಿಕೊಂಡು
ಪಕ್ಕದ ಸೀಟಿನ ಬ್ಯಾಗು ತೊಡೆಗೆ ಎತ್ತಿಕೊಂಡಳು.
"ಕೂತ್ಕೋ. ಬೇತ್ರಿವರೆಗೆ ಯಾರೂ ಹತ್ತಲ್ಲ."
ಕೂರಲಿಲ್ಲ.
ಕೂತರೆ ಏಳುತ್ತೇನೆಂಬ ಧೈರ್ಯ ಇನ್ನೂ ಬಂದಿಲ್ಲ.

ಬೇತ್ರಿ ಸೇತುವೆ. ಕೆಳಗೆ ಕಾವೇರಿ,
ಜನವರಿಯ ತೆಳ್ಳನೆ ನೀರು, ಬಂಡೆಯ ಮೇಲೆ ನೀರುಕಾಗೆ.
ಹೋದ ವರ್ಷ ಪ್ರತಿ ಟ್ರಿಪ್ಪಿಗೂ ಇಲ್ಲಿ
ಕಿಟಕಿಗೆ ಬೆನ್ನು ಹಾಕುತ್ತಿದ್ದೆ, ಯಾಕೆಂದು ನನಗೆ ಗೊತ್ತು.
ಇವತ್ತು ನೋಡಿದೆ.
ಪೂರ್ತಿಯಲ್ಲ. ಅರ್ಧ ಸೇತುವೆ.

ದಾಟಿದ ಮೇಲೆ ಹಿಂದಿನಿಂದ ಒಬ್ಬ ಹುಡುಗ,
ಒಂದು ಶೂ ಕಾಲಲ್ಲಿ, ಒಂದು ಕೈಯಲ್ಲಿ, ಓಡಿ ಬರುತ್ತಿದ್ದಾನೆ.
ಕನ್ನಡಿಗೆ ಮಂಜು, ಹಂಸಣ್ಣನಿಗೆ ಕಾಣದು.
ಸೀಟಿಯ ದಾರ ನಾನೇ ಹೊಲಿದ ಗುಂಡಿಗೆ ಸಿಕ್ಕಿಕೊಂಡಿದೆ.
"ಹೋಲ್ಡಾನ್!"

ನಿಂತವರೆಲ್ಲ ಮುಂದಕ್ಕೆ ವಾಲಿದರು.
ಅಸ್ಸಾಮಿನವಳ ಮಗು ಎದ್ದು ಅತ್ತಿತು.
ಹುಡುಗ ಏದುಸಿರಲ್ಲಿ ಐನೂರರ ನೋಟು ಚಾಚಿದ.
ಬೆಳಿಗ್ಗೆ ಬೆಳಿಗ್ಗೆ ಐನೂರು!
ಚಿಲ್ಲರೆ ನಿಮ್ಮಪ್ಪ ಕೊಡ್ತಾನಾ?
ಬೈದೆ. ಕೊನೆಯ ಸೀಟಿಗೆ ಕೇಳುವಂತೆ ಬೈದೆ.
ರೈಟ್, ರೈಟ್.

ವಿರಾಜಪೇಟೆಯಲ್ಲಿ ಇಪ್ಪತ್ತು ನಿಮಿಷ.
ತಿಂಡಿಯಾದ ಮೇಲೆ ಬಿಳಿಯ ಮಾತ್ರೆ ಒಂದು.
ಲೆಕ್ಕ ನೋಡಿದರೆ ಸೊನ್ನೆ ಟಿಕೆಟ್ಟು ಮೂವತ್ತೊಂದು,
ಚೀಲದಲ್ಲಿ ಮಾತ್ರ ಹಣ ಹೆಚ್ಚು.
ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟಿದ್ದೆ,
ಇಳಿಯುವಾಗ ಕೇಳಲು ಮರೆತು ಹೋಗಿದ್ದಾನೆ ಹುಡುಗ.
ನಾಳೆ ಇದೇ ಬಸ್ಸಿಗೆ ಬರುತ್ತಾನೆ.
ಹಾಗಾದರೆ ನಾನೂ ಇರಬೇಕಾಗುತ್ತದೆ.