ಕಾರಣ ಹೇಳುವ ಕದ

ಪಾರ್ಸರ್ ಅಂದರೇನೆಂದು ಕೇಳಿದ ತಂಗಿಗೆ
ಬೌಕ್ಯೆ ಹೇಳಿದ್ದು ಇಷ್ಟೇ:
ಸಾಲಾಗಿ ಬರುವ ಅಕ್ಷರಗಳನ್ನು ತಡೆದು
ನೀನು ಹೆಸರೋ, ಅಂಕಿಯೋ, ಬರೀ ಅಲ್ಪವಿರಾಮವೋ
ಎಂದು ವಿಚಾರಿಸಿ ಒಳಗೆ ಬಿಡುವುದು.
ಅಂಥ ಕಾವಲುಗಾರರನ್ನು ತಾವೇ ಕಟ್ಟಿಕೊಳ್ಳುವವರಿಗೆ
ಚಿಲಕ, ತಿರುಗಣಿ, ಕೀಲುಗಳ ಪೆಟ್ಟಿಗೆ
ಅವಳ ಲೈಬ್ರರಿ.
ಲೇವಾರ್ಡನ್ನಿನ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ
ಒಂಬತ್ತು ವರ್ಷದಿಂದ, ಸಂಬಳವಿಲ್ಲದೆ,
ರಾತ್ರಿ ಹತ್ತರ ಮೇಲೆ.

ಮಾರ್ಚಿನಲ್ಲಿ ಒಂದು ಕಾಗದ ಬಂತು. ನಿಜವಾದ ಕಾಗದ,
ಅಂಚೆಚೀಟಿ ಹಚ್ಚಿದ್ದು.
"ನಾನು ವೀಬ್ರನ್. ಮೂವತ್ತೊಂದು ವರ್ಷ ಕಾಲುವೆಯ ಕದ ಕಾದವನು.
ಹಾದುಹೋದ ದೋಣಿಗಳ ದಫ್ತರ ನನ್ನ ಬಳಿಯಿದೆ:
ದಿನ, ದೋಣಿಯ ಹೆಸರು, ಸರಕು, ಸುಂಕ.
ಎಲ್ಲ ಬೆರಳಚ್ಚು ಮಾಡಿದೆ, ಎರಡು ಬೆರಳಲ್ಲಿ, ಎರಡು ಚಳಿಗಾಲ.
ನಿಮ್ಮ ಪೆಟ್ಟಿಗೆಯಿಂದ ಓದುವ ಯಂತ್ರವನ್ನೂ ಕಟ್ಟಿದೆ.
ಅದು ಆಡುವುದು ಒಂದೇ ಮಾತು: ತಪ್ಪಿದೆ.
ಎಲ್ಲಿ? ಏನು?
ನಾನು ಯಾವ ದೋಣಿಯನ್ನೂ ಹೀಗೆ ನಿಲ್ಲಿಸಿದವನಲ್ಲ.
ಸೇತುವೆ ತಗ್ಗು, ನಿನ್ನ ಹಾಯಿಗಂಬ ಎತ್ತರ,
ಅರ್ಧ ಗಂಟೆ ತಾಳು ಎಂದು ಕೂಗಿ ಹೇಳುತ್ತಿದ್ದೆ,
ಮಳೆಯಲ್ಲೂ, ಜರ್ಮನ್ನರಿಗೂ.
ಕದ ಮುಚ್ಚಲಿ, ಬೇಡವೆನ್ನುವುದಿಲ್ಲ. ಕಾರಣ ಹೇಳಲಿ."

ಅವಳಿಗೆ ಮೊದಲು ಬಂದದ್ದು ಸಿಟ್ಟು.
ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸುತ್ತಾನಲ್ಲ!
ಆಮೇಲೆ ತನ್ನದೇ ಕೋಡು ತೆರೆದು ನೋಡಿದಳು.
ಅದು ಎಲ್ಲ ದಾರಿಯನ್ನೂ ತುಳಿಯುತ್ತಿತ್ತು, ಪಾಪ:
ಇದಲ್ಲವೇ, ಹಿಂದಕ್ಕೆ ಬಾ, ಅದನ್ನು ನೋಡು,
ಅದೂ ಅಲ್ಲವೇ, ಇನ್ನೂ ಹಿಂದಕ್ಕೆ.
ಹಿಂದೆ ಹಿಂದೆ ಬಂದು ಹೊಸ್ತಿಲಲ್ಲಿ ಕೂತು
ಎಲ್ಲಿ ಎಡವಿದ್ದೆಂಬುದನ್ನೇ ಮರೆಯುತ್ತಿತ್ತು.

ಫೋನ್ ಮಾಡಿದಳು. ಬಿಟ್ಟ ನೀರು ಹಿಂದಕ್ಕೆ ಬರುತ್ತದೆಯೇ?
ಮುದುಕ ನಕ್ಕ. ಕೆಳಗಿನ ಕದ ತೆರೆದ ಮೇಲೆ
ತೀರ್ಮಾನ ತೀರ್ಮಾನವೇ, ಅಂದ.

ಅಂದೇ ರಾತ್ರಿ ಒಂದು ಹೊಸ ಕೀಲು:
ಇದರಾಚೆ ಹಿಂದಿರುಗುವಂತಿಲ್ಲ.
ತಾರೀಖು ಸಿಕ್ಕಿತೋ, ಇದು ದಫ್ತರದ ಸಾಲೇ;
ಮುಂದೆ ತಪ್ಪಿದರೆ ತಪ್ಪು ಅಲ್ಲೇ, ಆ ಅಕ್ಷರದಲ್ಲೇ.
ವೇಗವೂ ಹೆಚ್ಚಿತು, ನೆನಪಿನ ಹೊರೆಯೂ ಇಳಿಯಿತು;
ಅದನ್ನವಳು ಕೇಳಿಯೇ ಇರಲಿಲ್ಲ.

ಮೇ ತಿಂಗಳಿಡೀ ಇನ್ನೊಂದು ಕೆಲಸ.
ಮುಳುಗಿದ ಒಂದು ದೋಣಿಗಾಗಿ ಕಾಲುವೆಯನ್ನೇ ಮುಚ್ಚುತ್ತಾರೆಯೇ?
ಹಗ್ಗ ಹಾಕಿ ದಡಕ್ಕೆಳೆದು, ಗುರುತು ಬರೆದು,
ಮುಂದಿನದನ್ನು ಕರೆಯುತ್ತಾರೆ.
ಕೆಟ್ಟ ಸಾಲನ್ನು ಕೊನೆತನಕ ದಾಟಿ
ಹೊಸ ಸಾಲಿನಲ್ಲಿ ಮತ್ತೆ ಕಣ್ಣು ತೆರೆಯಲು
ಯಂತ್ರಕ್ಕೆ ಕಲಿಸುವುದು ಹೇಳಿದಷ್ಟು ಸುಲಭವಲ್ಲ.
ಮೂರು ಸಲ ಅಳಿಸಿದಳು.
ಒಂದು ತಪ್ಪು ತನ್ನ ಬಾಲದಲ್ಲಿ
ನಲವತ್ತು ಸುಳ್ಳು ತಪ್ಪುಗಳನ್ನು ಎಳೆದು ತರುತ್ತಿತ್ತು,
ಒಂದು ಚಾಡಿಯ ಬೆನ್ನಿಗೆ ಊರೆಲ್ಲ ಮಾತಾಡುವ ಹಾಗೆ.

ಹೊಸ ಆವೃತ್ತಿ ವೀಬ್ರನ್ನನ ಮೇಜಿಗೆ ಬಂದದ್ದು ಜೂನಿನಲ್ಲಿ.
ಹನ್ನೊಂದು ಸಾವಿರದ ಮುನ್ನೂರು ಸಾಲು, ತಪ್ಪು ಮೂವತ್ತೇಳು,
ಎಲ್ಲ ಒಮ್ಮೆಗೇ, ಒಂದೊಂದರ ಅಡಿಗೂ ಬಾಣದ ಗುರುತು.
ಮೂವತ್ತಾರು ಅವನ ಎರಡು ಬೆರಳಿನ ಪಾಪ:
ಸುಂಕದಲ್ಲಿ ಸೊನ್ನೆಯ ಜಾಗಕ್ಕೆ ಓ ಅಕ್ಷರ,
ಆಲೂಗಡ್ಡೆಯ ಮುಂದೆ ಬಿಟ್ಟುಹೋದ ಅಲ್ಪವಿರಾಮ.
ಕೊನೆಯದು ಹೀಗಿತ್ತು:

ಸಾಲು ೪೨೦೬. ಇಲ್ಲಿ ದೋಣಿಯ ಹೆಸರಿಗೆ ಕಾದಿದ್ದೆ.
ಸಿಕ್ಕಿದ್ದು: ಮಂಜುಗಡ್ಡೆ.

ಚಹಾ ಆರಿತು.
ಆ ಜನವರಿ ಹತ್ತೊಂಬತ್ತು ದಿನ ಕಾಲುವೆ ಕಲ್ಲಾಗಿತ್ತು.
ಹದಿನೆಂಟು ದಿನ ಅವನೇನೂ ಬರೆದಿರಲಿಲ್ಲ.
ಒಂದು ದಿನ ಮಾತ್ರ, ಬೇಸರಕ್ಕೋ,
ಪೆನ್ನಿನ ಶಾಯಿ ಹೆಪ್ಪುಗಟ್ಟೀತೆಂಬ ಭಯಕ್ಕೋ,
ಬಂದವರ ಹೆಸರು ಬರೆದಿದ್ದ:
ಮಂಜುಗಡ್ಡೆ. ಸರಕಿಲ್ಲ. ಸುಂಕವಿಲ್ಲ.

ಸಾಲನ್ನು ತಿದ್ದಲಿಲ್ಲ.
ವ್ಯಾಕರಣ ತೆರೆದ. ದೋಣಿ ಎಂದಿದ್ದಲ್ಲಿ
ಪಕ್ಕಕ್ಕೊಂದು ನೆಟ್ಟನೆ ಗೆರೆಯೆಳೆದು ಸೇರಿಸಿದ:
ದೋಣಿ, ಅಥವಾ ಮಂಜುಗಡ್ಡೆ.
ಕದ ತೆರೆಯಿತು.

ಬೌಕ್ಯೆಗೆ ಎರಡನೆಯ ಕಾಗದ. ಕೃತಜ್ಞತೆ ಒಂದು ಸಾಲು,
ಮಿಕ್ಕದ್ದು ದೂರು: ಟ್ಯಾಬ್ ಒತ್ತಿದ ಸಾಲಿನಲ್ಲಿ
ಬಾಣ ಏಳು ಮನೆ ಎಡಕ್ಕೆ ನಿಲ್ಲುತ್ತದೆ,
ತಪ್ಪಿಲ್ಲದ ಅಕ್ಷರದತ್ತ ಬೆರಳು ಮಾಡುತ್ತದೆ.
ಅವಳದನ್ನು ಗೋಡೆಗೆ ಚುಚ್ಚಿದಳು.
ಕೆಳಗೆ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿಬಿಟ್ಟು
ಎಲ್ಲಿ ಓರೆಯೆಂದು ನೋಡುತ್ತಿದ್ದರು.