ಹೆಬ್ಬೆರಳು

ನಾಲ್ಕು ವರ್ಷ ನನಗೆ ಗೊತ್ತಿದ್ದದ್ದು
ಅವನ ಹೆಬ್ಬೆರಳು ಮಾತ್ರ.
ಪ್ರತಿ ಅಣಬೆಯ ಪಕ್ಕ, ಅಳತೆಗೆಂದು,
ಫೋಟೊದ ಅಂಚಿನಲ್ಲಿ ನಿಂತಿರುತ್ತಿತ್ತು:
ಉಗುರಿನ ನಡುವೆ ಒಂದು ಬಿಳಿ ಗೀರು,
ಗೆಣ್ಣಿನ ಮೇಲೆ ಹಳೆಯ ಸುಟ್ಟ ಕಲೆ.

'ಬಿರೂತಾ, ಇದು ತಿನ್ನುವಂಥದೋ?' ಎಂದು ಬರೆಯುತ್ತಿದ್ದ
ಲಿಯೆಪಾಯದಿಂದ, ಸಮುದ್ರದ ಗಾಳಿಯ ಊರಿನಿಂದ.
ನಾನು ರೀಗಾದ ಐದನೇ ಮಹಡಿಯಲ್ಲಿ
ಕನ್ನಡಕ ಏರಿಸಿ ಉತ್ತರಿಸುತ್ತಿದ್ದೆ:
ಟೊಪ್ಪಿಗೆ ನೋಡಿ ನಂಬಬೇಡ.
ತಿರುಗಿಸಿ ತೋರಿಸು. ಕೊಯ್ದು ತೋರಿಸು.
ನೀಲಿಗೆ ತಿರುಗಿತೇ? ಹಾಲು ಒಸರಿತೇ?
ವಾಸನೆ ಹೇಗಿದೆ, ಹಿಟ್ಟಿನದೋ, ಮೂಲಂಗಿಯದೋ?

ವಾಸನೆಯನ್ನು ಮಾತ್ರ ಅವನು ಬರೆದೇ ಕಳಿಸಬೇಕಿತ್ತು.
ಹಾಗೆ ಹತ್ತಿತು ಅವನಿಗೆ ಬರೆಯುವ ಚಟ.
ಒದ್ದೆ ಉಣ್ಣೆಯ ಹಾಗೆ, ಅಂದ ಒಮ್ಮೆ.
ಇನ್ನೊಮ್ಮೆ, ಆಸ್ಪತ್ರೆಯ ಓಣಿಯ ಹಾಗೆ.
ಆಮೇಲೆ ಅಣಬೆ ಬಿಟ್ಟು ಆಸ್ಪತ್ರೆಯನ್ನೇ ಬರೆದ,
ಹೆಂಡತಿಯ ಕೊನೆಯ ಹನ್ನೊಂದು ದಿನ,
ಅವಳು ಕೇಳಿದ ನೀರು, ತಾನು ನಿದ್ದೆಹೋದದ್ದು.
ಯಾರಿಗೂ ಹೇಳಿಲ್ಲ ಎಂದ.
ರಾತ್ರಿ ಎರಡು ಗಂಟೆ. ತುಂಬ ಹೊತ್ತು
ಪರದೆಯ ಬೆಳಕಿನಲ್ಲಿ ಕೂತಿದ್ದು
ಬರೆದೆ: ನಿದ್ದೆ ತಪ್ಪಲ್ಲ.
ಮೂರು ಸಲ ಅಳಿಸಿ ನಾಲ್ಕನೇ ಸಲ ಬರೆದದ್ದು ಅದು.
ಅಳಿಸಿದ ಮೂರು ಅವನಿಗೆ ಕಾಣಲಿಲ್ಲ.

ನನ್ನ ಎದುರು ಬಾಗಿಲಿನ ಮುದುಕನ ಕಥೆ ಬೇರೆ.
ಹದಿನಾಲ್ಕು ವರ್ಷದಿಂದ ಒಂದೇ ಮೆಟ್ಟಿಲು ಹತ್ತುತ್ತೇವೆ.
ಕೆಮ್ಮು ಗೊತ್ತು, ನಾಯಿಯ ಹೆಸರು ಗೊತ್ತು,
ಬುಧವಾರ ಎಲೆಕೋಸು ಬೇಯಿಸುವುದು ಗೊತ್ತು.
ಅವನ ಹೆಸರು ಗೊತ್ತಿಲ್ಲ. ಕೇಳುವ ಕಾಲ ಮೀರಿಹೋಯಿತು;
ಈಗ ಕೇಳಿದರೆ
ಇಷ್ಟು ದಿನದ ನಮಸ್ಕಾರಗಳಿಗೆಲ್ಲ ಅವಮಾನ.

ಸೆಪ್ಟೆಂಬರಿನಲ್ಲಿ, ಸಿಗುಲ್ದಾ ನಿಲ್ದಾಣದಲ್ಲಿ, ಎಂದಾಯಿತು.
ರೈಲು ಇಳಿದೆ. ಬುಟ್ಟಿ ಹಿಡಿದವರು ಆರೇಳು ಜನ.
ಮುಖ ಹುಡುಕಿ ಏನು ಮಾಡಲಿ?
ಕೈಗಳನ್ನು ನೋಡುತ್ತ ನಡೆದೆ, ಜೇಬುಗಳ್ಳಿಯ ಹಾಗೆ.
ಒಂದು ಹಿಡಿಕೆಯ ಮೇಲೆ ಆ ಬಿಳಿ ಗೀರು.
ಅದಕ್ಕೆ ಅಂಟಿಕೊಂಡು ಒಂದು ತೋಳು, ತೋಳಿಗೆ
ಇಷ್ಟೆತ್ತರದ, ಕಿವಿ ಕೆಂಪಾದ ಒಬ್ಬ ಗಂಡಸು.
ಇವನು ಯಾರಪ್ಪ ಎಂದು ಗಾಬರಿಯಾಯಿತು.

'ವಿಲ್ನಿಸ್' ಎಂದ. ಆಮೇಲೆ ಏನೂ ಇಲ್ಲ.
ಹೆಂಡತಿಯ ಸಾವನ್ನೇ ನನಗೊಪ್ಪಿಸಿದ್ದವನು
ಚಳಿಯ ಬಗ್ಗೆ ಎರಡು ಮಾತಾಡಲು ಬೆವರಿದ.
ನಾನೋ, ಅಳೆದು ತೂಗಿ ಬರೆಯುವವಳು,
ಬಾಯಿ ತೆರೆದರೆ ಮುಚ್ಚುವವಳಲ್ಲ.
ಅವನಿಗದು ಗೊತ್ತಿರಲಿಲ್ಲ, ಪಾಪ.
ಟ್ರಾಮು, ಮಂಡಿನೋವು, ಬೆಣ್ಣೆಯ ಬೆಲೆ,
ಪೈನ್ ಮರಗಳಿಗೂ ಸಾಕೆನಿಸುವಷ್ಟು ಆಡಿದೆ.
ಆಡುತ್ತಲೇ ಅನಿಸಿತು: ಇವನು ಇಷ್ಟು ದೂರ ಬಂದದ್ದು
ಇವಳನ್ನು ನೋಡಲಿಕ್ಕಲ್ಲ.

ಕಾಡಿನಲ್ಲಿ ಬಿರಬಿರನೆ ನಡೆಯುತ್ತಾನೆ,
ನೆನಪಾಗಿ ನಿಲ್ಲುತ್ತಾನೆ.
ಎಡಗಿವಿ ಕೇಳಿಸುವುದಿಲ್ಲ; ನಾಲ್ಕು ವರ್ಷದಲ್ಲಿ
ಹೇಳಬೇಕು ಅನಿಸಿರಲಿಲ್ಲವಂತೆ.
ಓದುವುದಕ್ಕೆ ಕಿವಿ ಯಾಕೆ?
ನಾನು ಸುತ್ತಿ ಬಂದು ಬಲಗಡೆ ನಡೆದೆ.
ಅಷ್ಟೇ. ಅಲ್ಲಿಂದ ಸಲೀಸಾಯಿತು.

ಮಧ್ಯಾಹ್ನ ಬಿದ್ದ ಮರದ ಮೇಲೆ ಕೂತು
ಕಪ್ಪು ರೊಟ್ಟಿ ಬಿಚ್ಚಿದ. ಸುತ್ತಿದ ಕಾಗದವನ್ನು
ತೀಡಿ, ನಾಲ್ಕಾಗಿ ಮಡಿಸಿ ಜೇಬಿಗಿಟ್ಟ,
ಯಾರೋ ಗದರಿ ಗದರಿ ಕಲಿಸಿದ ಹಾಗೆ.
ಆಗ ಅವಳನ್ನು ಕಂಡೆ,
ಹಾಸಿಗೆಗಿಂತ ಮೊದಲಿನವಳನ್ನು, ಗಟ್ಟಿ ದನಿಯವಳನ್ನು.
ಅವನು ಬರೆದದ್ದರಲ್ಲಿ ಅವಳು ಇರಲಿಲ್ಲ.

ಬುಟ್ಟಿಯಲ್ಲಿ ಕೊನೆಗೊಂದು ಉಳಿಯಿತು,
ಕಂದು ಟೊಪ್ಪಿಗೆ, ಹಳದಿ ಕಾಲು.
ಕೊಯ್ದೆವು, ಮೂಸಿದೆವು, ಬೆಳಕಿಗೆ ಹಿಡಿದೆವು.
ಎರಡು ಕನ್ನಡಕ, ಎರಡು ಮೂಗು, ಮೂರು ಕಿವಿ,
ಏನೆಂದು ಗೊತ್ತಾಗಲಿಲ್ಲ.
ಅರ್ಧ ಅವನು ಒಯ್ದ, ಅರ್ಧ ನಾನು.

ರಾತ್ರಿ ಹತ್ತೂವರೆಗೆ ಫೋಟೊ ಬಂತು.
ಅಡುಗೆಮನೆಯ ಮೇಜು, ಅರ್ಧ ಅಣಬೆ,
ಅಂಚಿನಲ್ಲಿ ಹೆಬ್ಬೆರಳು.
'ಮುಟ್ಟಿದ ಕಡೆಯೆಲ್ಲ ಕಪ್ಪಾಗುತ್ತಿದೆ. ನಿನ್ನದು?'

ನನ್ನದೂ, ಎಂದು ಬರೆದೆ. ಅಳಿಸಲಿಲ್ಲ.
ಬರೆದಾದ ಮೇಲೆ ಗಮನಿಸಿದೆ:
ಖಾಲಿ ಮನೆಯಲ್ಲಿ, ಒಬ್ಬಳೇ,
ಸೋಫಾದ ಬಲಗಡೆಗೆ
ಸರಿದು ಕೂತಿದ್ದೇನೆ.